ಸೂಜಿ ಎಲ್ಲಿಗೆ ಹೋಯಿತು?

ಆಫೀಸಿನ ಕ್ಯಾಂಟೀನಿನಲ್ಲೋ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೋ "ಬೆನ್ನಿಗೆ ಇಂಜೆಕ್ಷನ್ ಹಾಕಿಸಿಕೊಂಡೆ" ಅನ್ನುವವರು ಈಗ ಅಪರೂಪವಲ್ಲ. ಬೆನ್ನಿನಲ್ಲಿ ಎಲ್ಲಿಗೆ ಅಂತ ಕೇಳಿ ನೋಡಿ. ಸೊಂಟದ ಮೇಲೆ ಕೈಯಿಟ್ಟು "ಇಲ್ಲಿಗೆ" ಅನ್ನುತ್ತಾರೆ. ಅದು ಚರ್ಮದ ಮೇಲೆ ಸೂಜಿ ಹೊಕ್ಕ ಜಾಗ. ಒಳಗೆ ನಾಲ್ಕೈದು ಸೆಂಟಿಮೀಟರ್ ಆಳದಲ್ಲಿ ಸೂಜಿಯ ತುದಿ ಎಲ್ಲಿ ನಿಂತಿತು, ಮದ್ದು ಯಾವ ಕಡೆ ಹರಿಯಿತು ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ. ಕೆಲವು ಸಲ ಚುಚ್ಚಿದ ಡಾಕ್ಟರಿಗೂ ಖಚಿತವಾಗಿ ಗೊತ್ತಿರುವುದಿಲ್ಲ.

ನಾನು ಡಾಕ್ಟರಲ್ಲ, ವಿಶಾಖಪಟ್ಟಣದಲ್ಲಿ ಸಾಫ್ಟ್‌ವೇರ್ ಕೆಲಸದವನು. ಈ ವಿಷಯಕ್ಕೆ ಇಳಿಯಬೇಕಾಗಿ ಬಂದದ್ದು ನಮ್ಮ ಮಾವನಿಂದ, ಅಂದರೆ ಅಮ್ಮನ ತಮ್ಮನಿಂದ. ಕುಂದಾಪುರದ ಕಡೆಯಿಂದ ಮೂವತ್ತು ವರ್ಷದ ಹಿಂದೆ ವಿಜಯವಾಡಕ್ಕೆ ಬಂದವರು, ಗವರ್ನರ್‌ಪೇಟೆಯ ಹತ್ತಿರ ಒಂದು ಸಣ್ಣ ಉಡುಪಿ ಹೋಟೆಲು ನಡೆಸುತ್ತಾರೆ. ಕಳೆದ ವರ್ಷ ಫೆಬ್ರವರಿಯಲ್ಲಿ ಅವರಿಗೆ ಬಲಗಾಲಿನ ಸೆಳೆತ ಶುರುವಾಯಿತು. ಸೊಂಟದಿಂದ ಹೊರಟು ತೊಡೆಯ ಹಿಂಭಾಗ, ಮೀನಖಂಡ ದಾಟಿ ಕಿರುಬೆರಳಿನ ತನಕ. ಎಂಆರ್‌ಐ ತೆಗೆಸಿದಾಗ ಸೊಂಟದ ಕೊನೆಯ ಮಣಿಯ ಕೆಳಗಿನ ಡಿಸ್ಕ್ ಬಲಕ್ಕೆ ಉಬ್ಬಿ ಎಸ್-1 ಅನ್ನುವ ನರಕ್ಕೆ ಒತ್ತುತ್ತಿದೆ ಅಂತ ಬಂತು. ಅಲ್ಲೇ ಒಂದು ನರ್ಸಿಂಗ್ ಹೋಮಿನಲ್ಲಿ ತಿಂಗಳಿಗೊಂದರಂತೆ ಮೂರು ಇಂಜೆಕ್ಷನ್ ಹಾಕಿದರು. ಮೊದಲನೆಯದಕ್ಕೆ ಹತ್ತು ದಿನ ಆರಾಮ, ಉಳಿದೆರಡಕ್ಕೆ ಏನೂ ಇಲ್ಲ. "ಮೂರು ಫೇಲ್ ಆಯಿತು, ಇನ್ನು ಆಪರೇಷನ್ನೇ" ಅಂದರು. ಮಾವನಿಗೆ ಆಪರೇಷನ್ನಿನ ಭಯಕ್ಕಿಂತ ದಸರೆಯ ಚಿಂತೆ. ಇಂದ್ರಕೀಲಾದ್ರಿಯ ಕನಕದುರ್ಗೆಯ ನವರಾತ್ರಿ ಅಂದರೆ ವಿಜಯವಾಡದ ಹೋಟೆಲಿನವರಿಗೆ ವರ್ಷದ ದುಡಿಮೆಯ ಕಾಲ. ಆಗ ಗಲ್ಲಾದ ಮುಂದೆ ನಿಲ್ಲಲಾಗದಿದ್ದರೆ ನಷ್ಟ ಲಕ್ಷದ ಲೆಕ್ಕದಲ್ಲಿ.

ವಿಶಾಖಪಟ್ಟಣಕ್ಕೆ ಬನ್ನಿ, ಇಲ್ಲೊಬ್ಬರನ್ನು ಕೇಳೋಣ ಅಂತ ಕರೆದೆ. ಇಲ್ಲಿನ ಡಾಕ್ಟರು ಫೈಲು ತಿರುವಿ ಹಾಕಿ ಕೇಳಿದ ಮೊದಲ ಪ್ರಶ್ನೆ: "ಸಿ-ಆರ್ಮ್ ಕೆಳಗೆ ಹಾಕಿದ್ದರಾ?" ಮಾವ ನನ್ನ ಮುಖ ನೋಡಿದರು. ಫೈಲಿನಲ್ಲಿ ಇದ್ದದ್ದು "ಕಾಡಲ್ ಎಪಿಡ್ಯೂರಲ್ ಕೊಡಲಾಗಿದೆ" ಅನ್ನುವ ಒಂದು ಸಾಲು ಮತ್ತು ಮದ್ದಿನ ಹೆಸರು. ಯಾವ ಯಂತ್ರವೂ ಇರಲಿಲ್ಲ, ಮಗ್ಗುಲಾಗಿ ಮಲಗಿಸಿ ಬಾಲಮೂಳೆಯ ಹತ್ತಿರ ಬೆರಳಿನಿಂದ ತಡವಿ ಚುಚ್ಚಿದರು ಅಂತ ಮಾವ ನೆನಪು ಮಾಡಿಕೊಂಡು ಹೇಳಿದರು. "ಹಾಗಾದರೆ ಮೂರು ಫೇಲ್ ಆಯಿತು ಅಂತ ನಾನು ಹೇಳುವುದಿಲ್ಲ. ಮೂರು ಸಲ ಚುಚ್ಚಿದ್ದಾರೆ, ಅಷ್ಟೇ ಗೊತ್ತು" ಅಂದರು ಡಾಕ್ಟರು. ನನ್ನ ತಲೆಯಲ್ಲಿ ಕೂತದ್ದು ಆ ಮಾತು.

ಸ್ವಲ್ಪ ಒಳಗಿನ ರಚನೆ ತಿಳಿದರೆ ಮುಂದಿನದು ಸುಲಭ. ಬೆನ್ನುಹುರಿ ಮತ್ತು ಅದರಿಂದ ಕೆಳಗಿಳಿಯುವ ನರಗಳು ಒಂದು ಪೊರೆಯ ಚೀಲದೊಳಗೆ ಇರುತ್ತವೆ. ಆ ಚೀಲಕ್ಕೂ ಸುತ್ತಲಿನ ಮೂಳೆಗೂ ನಡುವೆ ಕೊಬ್ಬು ಮತ್ತು ಸಣ್ಣ ರಕ್ತನಾಳ ತುಂಬಿದ ಇಕ್ಕಟ್ಟಾದ ಸಂದು ಇದೆ. ಅದೇ ಎಪಿಡ್ಯೂರಲ್ ಜಾಗ. ಡಿಸ್ಕ್ ಉಬ್ಬಿ ನರಕ್ಕೆ ತಾಗಿ ನರ ಊದಿಕೊಂಡಾಗ ಈ ಸಂದಿಗೆ ಸ್ಟೀರಾಯ್ಡ್ ಬಿಟ್ಟರೆ ಊತ ಇಳಿದೀತು ಅನ್ನುವುದು ಚಿಕಿತ್ಸೆಯ ಲೆಕ್ಕಾಚಾರ. ಅಲ್ಲಿಗೆ ಹೋಗಲು ಮೂರು ದಾರಿ. ಎರಡು ಮಣಿಗಳ ನಡುವಿನಿಂದ ನೇರವಾಗಿ ಹೋಗುವುದು ಒಂದು. ಬಾಲಮೂಳೆಯ ಸ್ವಲ್ಪ ಮೇಲೆ, ಸೇಕ್ರಮ್ ಅನ್ನುವ ತ್ರಿಕೋನದ ಮೂಳೆಯ ತುದಿಯಲ್ಲಿರುವ ಕಿಂಡಿಯಿಂದ ಮೇಲಕ್ಕೆ ಮದ್ದು ತಳ್ಳುವುದು ಇನ್ನೊಂದು. ಇದಕ್ಕೇ ಕಾಡಲ್ ಅನ್ನುವುದು. ನರ ಹೊರಬೀಳುವ ರಂಧ್ರದ ಬಾಯಿಗೇ ಪಕ್ಕದಿಂದ ಹೋಗುವುದು ಮೂರನೆಯದು, ಟ್ರಾನ್ಸ್‌ಫೊರಾಮಿನಲ್.

ಬೆರಳ ಅಂದಾಜಿನಲ್ಲಿ ಮಾಡುವವರು ಮೊದಲೆರಡು ದಾರಿ ಹಿಡಿಯುತ್ತಾರೆ. ಮಣಿಗಳ ನಡುವೆ ಹೋಗುವಾಗ ಸಿರಿಂಜಿನ ಹಿಡಿಯನ್ನು ಒತ್ತುತ್ತ ಸೂಜಿಯನ್ನು ಮುಂದೆ ತಳ್ಳುತ್ತಾರೆ. ಗಟ್ಟಿ ನಾರಿನ ಪಟ್ಟಿಯೊಳಗೆ ಇರುವಷ್ಟು ಹೊತ್ತು ಹಿಡಿ ಒಳಗೆ ಹೋಗುವುದಿಲ್ಲ. ಪಟ್ಟಿ ದಾಟಿದ ಕೂಡಲೇ ಸಲೀಸಾಗಿ ಜಾರುತ್ತದೆ. ಆ ಜಾರುವಿಕೆಯೇ ಗುರುತು. ಇದು ಅನಾಡಿತನವಲ್ಲ, ವರ್ಷಗಟ್ಟಲೆ ಕಲಿತು ಬರುವ ಕೈ. ಇಂಗ್ಲಿಷಿನಲ್ಲಿ ಇದನ್ನು ಬ್ಲೈಂಡ್ ಅನ್ನುತ್ತಾರೆ. ನನಗೆ "ಕೈಯಂದಾಜು" ಅನ್ನುವುದೇ ಸರಿ ಅನ್ನಿಸುತ್ತದೆ. ಅಂದಹಾಗೆ ತೆಲುಗಿನವರು ಸೊಂಟನೋವಿಗೆ "ನಡುಮು ನೊಪ್ಪಿ" ಅನ್ನುತ್ತಾರೆ, ಇಂಜೆಕ್ಷನ್ನಿಗೆ "ಸೂದಿ ಮಂದು". ನಡುವಿಗೆ ಸೂಜಿ ಮದ್ದು. ನಮಗೆ ನಿಘಂಟು ಬೇಡ.

ಇನ್ನೊಂದು ಪದ್ಧತಿಯಲ್ಲಿ ರೋಗಿಯನ್ನು ಬೋರಲು ಮಲಗಿಸಿ, ಇಂಗ್ಲಿಷಿನ ಸಿ ಅಕ್ಷರದ ಹಾಗೆ ಬಾಗಿದ ಎಕ್ಸ್‌ರೇ ಯಂತ್ರವನ್ನು ಮೈ ಸುತ್ತ ತಂದು ನಿಲ್ಲಿಸುತ್ತಾರೆ. ಪರದೆಯ ಮೇಲೆ ಮೂಳೆ, ಸೂಜಿ ಎರಡೂ ಕಾಣುತ್ತವೆ. ಸೂಜಿ ತಲುಪಿತು ಅನ್ನಿಸಿದ ಮೇಲೆ ಮದ್ದಿಗಿಂತ ಮೊದಲು ಎಕ್ಸ್‌ರೇಗೆ ಕಾಣುವ ಅಯೋಡಿನ್ ದ್ರವವನ್ನು ಒಂದೆರಡು ಎಂಎಲ್ ಬಿಡುತ್ತಾರೆ. ಅದು ಹರಿದ ರೀತಿ ನೋಡಿ ಆಮೇಲೆ ಮದ್ದು.

ಇತಿಹಾಸದಲ್ಲಿ ಇವೆರಡೂ ಸೇರಲು ತಡವಾದದ್ದು ಸ್ವಾರಸ್ಯದ ಕತೆ. ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಪ್ಯಾರಿಸ್ಸಿನಲ್ಲಿ ಸಿಕಾರ್ ಮತ್ತು ಕಾತೆಲ್ಯಾಂ ಅನ್ನುವ ಇಬ್ಬರು ವೈದ್ಯರು, ಒಬ್ಬರಿಗೊಬ್ಬರು ಸಂಬಂಧವಿಲ್ಲದೆ, ಕಾಡಲ್ ದಾರಿಯಿಂದ ಕೊಕೇನ್ ದ್ರಾವಣ ಬಿಟ್ಟದ್ದು 1901ರಲ್ಲಿ. ಅದೇ ಸಿಕಾರ್ ಇಪ್ಪತ್ತು ವರ್ಷದ ನಂತರ ಫಾರೆಸ್ತಿಯೇ ಅನ್ನುವ ಶಿಷ್ಯನ ಜೊತೆ ಅಯೋಡಿನ್ ಬೆರೆಸಿದ ಎಣ್ಣೆ ಎಕ್ಸ್‌ರೇಯಲ್ಲಿ ಎದ್ದು ಕಾಣುತ್ತದೆ ಅನ್ನುವುದನ್ನು ಗಮನಿಸಿ, ಬೆನ್ನೆಲುಬಿನ ಒಳಗನ್ನು ನೋಡುವ ದಾರಿ ತೆರೆದ. ಸ್ಟೀರಾಯ್ಡ್ ಬಂದದ್ದು 1950ರ ದಶಕದ ಆರಂಭದಲ್ಲಿ. ಅಂದರೆ ಸೂಜಿ, ಬೆಳಕು, ಬಣ್ಣ, ಮದ್ದು ನಾಲ್ಕೂ ಆಗಲೇ ಕೈಯಲ್ಲಿದ್ದವು. ಆದರೂ ಮುಂದಿನ ಹಲವು ದಶಕ ಬಹುಪಾಲು ಇಂಜೆಕ್ಷನ್ನು ಕೈಯಂದಾಜಿನಲ್ಲೇ ನಡೆದವು. ಕೈ ಪಳಗಿದ್ದರೆ ಸಾಕು ಅನ್ನುವ ನಂಬಿಕೆ.

ಸಾಕೇ ಅಂತ ಅಳೆದು ನೋಡಿದವರಿದ್ದಾರೆ. ವಿಧಾನ ಸರಳ: ಕೈಯಂದಾಜಿನಲ್ಲಿ ಸೂಜಿ ಇಳಿಸಿ, "ಸರಿಯಾಗಿ ಕೂತಿದೆ" ಅಂತ ಡಾಕ್ಟರು ಹೇಳಿದ ಮೇಲೆ ಎಕ್ಸ್‌ರೇ ಹಚ್ಚಿ ನೋಡುವುದು. 1980ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾಡಲ್ ದಾರಿಯಲ್ಲಿ ನೂರಕ್ಕೆ 25, ಮಣಿಗಳ ನಡುವಿನ ದಾರಿಯಲ್ಲಿ ನೂರಕ್ಕೆ 30 ತಪ್ಪಿದ್ದವು. 1991ರ ಇನ್ನೊಂದರಲ್ಲಿ ಕಾಡಲ್ ಸೂಜಿ ಸರಿಯಾಗಿ ಕೂತದ್ದು ಹೊಸಬರ ಕೈಯಲ್ಲಿ ನೂರಕ್ಕೆ ಸುಮಾರು 48, ಬಹಳ ಅನುಭವಿಗಳ ಕೈಯಲ್ಲಿ 62. ಬೇರೆ ಅಧ್ಯಯನಗಳಲ್ಲಿ ಇದಕ್ಕಿಂತ ಚೆನ್ನಾಗಿಯೂ ಬಂದಿದೆ, ಅದರಲ್ಲೂ ಮಣಿಗಳ ನಡುವಿನ ದಾರಿಯಲ್ಲಿ. ಆದರೆ ಆ 48 ಮತ್ತು 62ರ ಅಂತರ ನೋಡಿ. ಅನುಭವ ಸಹಾಯ ಮಾಡುತ್ತದೆ, ಕೊರತೆಯನ್ನು ಪೂರ್ತಿ ತುಂಬುವುದಿಲ್ಲ. ಯಾಕೆಂದರೆ ಕೊರತೆ ಇರುವುದು ಕೈಯಲ್ಲಲ್ಲ, ನಮ್ಮ ಮೂಳೆಗಳಲ್ಲಿ. ಸೇಕ್ರಮ್ಮಿನ ಕಿಂಡಿ ಒಬ್ಬರಿಗೆ ಅಗಲ, ಒಬ್ಬರಿಗೆ ಕಿರಿದು, ಕೆಲವರಿಗೆ ಮುಚ್ಚಿಯೇ ಹೋಗಿರುತ್ತದೆ. ಮೇಲೆ ಕೊಬ್ಬಿನ ಪದರ ದಪ್ಪವಿದ್ದರೆ ಬೆರಳಿಗೆ ಮೂಳೆಯೇ ಸಿಗುವುದಿಲ್ಲ.

ಯಾವ ಎರಡು ಮಣಿಗಳ ನಡುವೆ ಇದ್ದೇವೆ ಅನ್ನುವುದೂ ಹಾಗೆಯೇ. 2000ದಲ್ಲಿ ಬ್ರಿಟನ್ನಿನ ಅರಿವಳಿಕೆ ತಜ್ಞರಿಗೆ ಗುರುತು ಹಾಕಿದ ಬೆನ್ನು ತೋರಿಸಿ, ಇದು ಎಷ್ಟನೆಯ ಸಂದು ಹೇಳಿ ಅಂತ ಕೇಳಿ, ಉತ್ತರವನ್ನು ಎಂಆರ್‌ಐ ಜೊತೆ ಹೋಲಿಸಿದರು. ಸರಿಯಾದದ್ದು ನೂರಕ್ಕೆ 29. ಇವರು ದಿನನಿತ್ಯ ಬೆನ್ನಿಗೆ ಸೂಜಿ ಹಾಕುವವರು. ಸೊಂಟ ಮತ್ತು ಪೃಷ್ಠದ ನಡುವಿನ ಸೇಕ್ರೋ-ಇಲಿಯಾಕ್ ಕೀಲಿನ ಕತೆ ಇನ್ನೂ ಕಷ್ಟ. ಕೈಯಂದಾಜಿನಲ್ಲಿ ಹಾಕಿದ ಇಂಜೆಕ್ಷನ್ನುಗಳನ್ನು ಸಿಟಿ ಸ್ಕ್ಯಾನಿನಲ್ಲಿ ನೋಡಿದಾಗ ಕೀಲಿನೊಳಗೆ ಹೋದದ್ದು ನೂರಕ್ಕೆ 22 ಮಾತ್ರ.

ಹಾಗಾದರೆ ಹೆರಿಗೆ ನೋವಿಗೆ ಕೊಡುವ ಎಪಿಡ್ಯೂರಲ್? ಅದನ್ನು ಇವತ್ತಿಗೂ ಪ್ರಪಂಚದ ಎಲ್ಲ ಕಡೆ ಕೈಯಂದಾಜಿನಲ್ಲೇ ಹಾಕುತ್ತಾರೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ಈ ಪ್ರಶ್ನೆಯನ್ನು ನಾನು ಡಾಕ್ಟರಿಗೆ ಕೇಳಿದೆ. ಅವರ ಉತ್ತರ ನನ್ನ ಕಸುಬಿನವನಿಗೆ ತಕ್ಷಣ ಅರ್ಥವಾಗುವಂಥದ್ದು. ಹೆರಿಗೆಯ ಎಪಿಡ್ಯೂರಲ್ಲಿನಲ್ಲಿ ಮರಗಟ್ಟಿಸುವ ಮದ್ದು ಸರಿಯಾದ ಜಾಗಕ್ಕೆ ಹೋಯಿತೋ ಇಲ್ಲವೋ ಅನ್ನುವುದು ಇಪ್ಪತ್ತು ನಿಮಿಷದಲ್ಲಿ ಆ ತಾಯಿಯ ಮುಖದಲ್ಲೇ ಕಾಣುತ್ತದೆ. ಹೋಗದಿದ್ದರೆ ತೆಗೆದು ಮತ್ತೆ ಹಾಕುತ್ತಾರೆ. ಸ್ಟೀರಾಯ್ಡ್ ಕೆಲಸ ಮಾಡುವುದಕ್ಕೆ ಕೆಲವು ದಿನ ಬೇಕು. ಅಷ್ಟರಲ್ಲಿ ರೋಗಿ ಮನೆಯಲ್ಲಿ. ನೋವು ಹೋಗದಿದ್ದರೆ ಯಾಕೆ ಹೋಗಲಿಲ್ಲ ಅಂತ ಹೇಳುವವರಿಲ್ಲ. ಮದ್ದು ನರಕ್ಕೆ ತಲುಪಿಯೂ ಕೆಲಸ ಮಾಡಲಿಲ್ಲವೋ, ಸೊಂಟದ ಸ್ನಾಯುವಿಗೆ ಹೋಗಿ ಕೂತಿತೋ? ಎರಡಕ್ಕೂ ಫೈಲಿನಲ್ಲಿ ಬರೆಯುವುದು ಒಂದೇ: "ಪರಿಹಾರವಿಲ್ಲ." ಲಾಗ್ ಇಲ್ಲದ ಟೆಸ್ಟಿನ ಹಾಗೆ. ಟೆಸ್ಟ್ ಫೇಲ್ ಆಯಿತೋ, ಟೆಸ್ಟ್ ಓಡಲೇ ಇಲ್ಲವೋ ತಿಳಿಯದೆ ಪ್ರೋಗ್ರಾಮನ್ನೇ ಬದಲಿಸಲು ಹೊರಟ ಹಾಗೆ. ಮಾವನ ಪ್ರಸಂಗದಲ್ಲಿ ಬದಲಿಸಲು ಹೊರಟದ್ದು ಬೆನ್ನೆಲುಬನ್ನು.

ಮೂರು ಇಂಜೆಕ್ಷನ್ನಿನ "ಕೋರ್ಸ್" ಅನ್ನುವ ಮಾತೂ ಈ ಕಾಲದ್ದೇ. ಮೊದಲನೆಯದು ಹೇಗೆ ಕೆಲಸ ಮಾಡಿತು ಅಂತ ನೋಡದೆ ಮೂರಕ್ಕೂ ಮೊದಲೇ ದಿನ ಗೊತ್ತು ಮಾಡುವುದಕ್ಕೆ ಗಟ್ಟಿ ಆಧಾರವಿಲ್ಲ. ಒಂದು ತಪ್ಪಿದರೆ ಇನ್ನೊಂದಾದರೂ ತಾಗೀತು ಅನ್ನುವ ಲೆಕ್ಕ ಇದರ ಹಿಂದಿದೆ ಅಂತ ಹೇಳುವವರಿದ್ದಾರೆ. ಮಾವನಂಥ ಸಕ್ಕರೆ ಕಾಯಿಲೆಯವರಿಗೆ ಪ್ರತಿ ಸ್ಟೀರಾಯ್ಡ್ ಡೋಸೂ ಕೆಲವು ದಿನ ಸಕ್ಕರೆ ಏರಿಸುತ್ತದೆ. ತಾಗದೆ ಹೋದ ಇಂಜೆಕ್ಷನ್ನು ಕೂಡ ಏರಿಸುತ್ತದೆ.

ಈವರೆಗೆ ಹೇಳಿದ್ದು ಉಪಯೋಗದ ಮಾತು. ಅಪಾಯದ ಮಾತು ಬೇರೆ. ಮೂರನೆಯ ದಾರಿ, ನರದ ರಂಧ್ರದ ಬಾಯಿಗೆ ಹೋಗುವುದು, ಚಿತ್ರವಿಲ್ಲದೆ ಮಾಡುವಂಥದ್ದೇ ಅಲ್ಲ. ಆ ರಂಧ್ರಗಳಲ್ಲಿ ನರದ ಜೊತೆ ರಕ್ತನಾಳಗಳೂ ಇರುತ್ತವೆ, ಕೆಲವು ಹಂತಗಳಲ್ಲಿ ಬೆನ್ನುಹುರಿಗೇ ರಕ್ತ ಒಯ್ಯುವ ಅಪಧಮನಿ ಇರುತ್ತದೆ. ಕೆಲವು ಸ್ಟೀರಾಯ್ಡ್‌ಗಳು ನೀರಿನಲ್ಲಿ ಕರಗದ ಸಣ್ಣ ಕಣಗಳು. ಅವು ಅಪಧಮನಿಗೆ ಹೋಗಿ ಅಡ್ಡ ಕೂತರೆ ಬೆನ್ನುಹುರಿಗೆ ಪಾರ್ಶ್ವವಾಯು ಬಡಿದ ಹಾಗೆ ಆಗುತ್ತದೆ. ಬಹಳ ಅಪರೂಪ, ಆದರೆ ಆದರೆ ಸರಿಪಡಿಸಲಾಗದ್ದು. ಅಮೆರಿಕದ ಎಫ್‌ಡಿಎ 2014ರ ಏಪ್ರಿಲಿನಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ಮರುವರ್ಷ ಅಲ್ಲಿನ ತಜ್ಞರ ತಂಡ ಸುರಕ್ಷತೆಯ ಶಿಫಾರಸುಗಳನ್ನು ಪ್ರಕಟಿಸಿತು: ಸೊಂಟದ ಭಾಗದಲ್ಲಿ ಮಣಿಗಳ ನಡುವಿನಿಂದಾಗಲಿ ರಂಧ್ರದ ಮೂಲಕವಾಗಲಿ ಸ್ಟೀರಾಯ್ಡ್ ಕೊಡುವಾಗ ಚಿತ್ರದ ಮಾರ್ಗದರ್ಶನ ಇರಬೇಕು, ರಂಧ್ರದ ದಾರಿಯಲ್ಲಿ ಬಣ್ಣ ಹರಿಯುವುದನ್ನು ನೇರ ಪರದೆಯಲ್ಲಿ ನೋಡಬೇಕು, ಕುತ್ತಿಗೆಯ ರಂಧ್ರಗಳಿಗೆ ಕಣದ ಸ್ಟೀರಾಯ್ಡ್ ಬೇಡವೇ ಬೇಡ.

ಸಿರಿಂಜನ್ನು ಹಿಂದಕ್ಕೆ ಎಳೆದು ರಕ್ತ ಬರುತ್ತದೆಯೇ ನೋಡಿದರೆ ಸಾಲದೇ ಅಂತ ಕೇಳಬಹುದು. 2000ದಲ್ಲಿ ಅಮೆರಿಕದಲ್ಲಿ ಇದನ್ನೇ ಪರೀಕ್ಷಿಸಿದರು. ಸೊಂಟದ ರಂಧ್ರದ ಇಂಜೆಕ್ಷನ್ನುಗಳಲ್ಲಿ ನೂರಕ್ಕೆ ಸುಮಾರು 11ರಲ್ಲಿ ಬಣ್ಣ ರಕ್ತನಾಳಕ್ಕೆ ಹೋಯಿತು, ಎಸ್-1 ರಂಧ್ರದಲ್ಲಿ ನೂರಕ್ಕೆ 21. ರಕ್ತ ಕಂಡು ಎಚ್ಚರಿಕೆ ಸಿಕ್ಕದ್ದು ಅವುಗಳಲ್ಲಿ ಅರ್ಧಕ್ಕಿಂತ ಕಡಿಮೆ ಸಲ.

ಮಾವನದು ಎಸ್-1. ಆಗಸ್ಟ್ ಕೊನೆಯ ವಾರ ಇಲ್ಲಿ ಹಾಕಿಸಿದೆವು. ಒಳಗೆ ನನ್ನನ್ನು ಬಿಡಲಿಲ್ಲ. ಮುಗಿದ ಮೇಲೆ ಡಾಕ್ಟರು ಉಳಿಸಿಟ್ಟ ಚಿತ್ರಗಳನ್ನು ತೋರಿಸಿದರು. ಮೊದಲ ಚಿತ್ರದಲ್ಲಿ ಸೂಜಿ ಸರಿಯಾದ ರಂಧ್ರದಲ್ಲೇ ಇದೆ, ನನ್ನ ಕಣ್ಣಿಗೂ ಗೊತ್ತಾಗುತ್ತದೆ. ಎರಡನೆಯದರಲ್ಲಿ ಬಣ್ಣದ ಒಂದು ತೆಳು ಎಳೆ, ಸೊಟ್ಟಪಟ್ಟ ಮೇಲಕ್ಕೆ ಹೋಗಿದೆ. "ಇದು ರಕ್ತನಾಳ. ಬಿಟ್ಟ ತಕ್ಷಣ ಕೊಚ್ಚಿಕೊಂಡು ಹೋಯಿತು. ಹಿಂದಕ್ಕೆ ಎಳೆದಾಗ ಸಿರಿಂಜಿಗೆ ರಕ್ತ ಬಂದಿರಲಿಲ್ಲ" ಅಂದರು. ಸೂಜಿಯನ್ನು ಕೂದಲೆಳೆಯಷ್ಟು ಸರಿಸಿದ ಮೇಲಿನ ಮೂರನೆಯ ಚಿತ್ರದಲ್ಲಿ ಬಣ್ಣ ನರದ ಗುಂಟ ಓರೆಯಾಗಿ ಇಳಿದು, ಮೇಲೆ ಡಿಸ್ಕಿನ ಕಡೆಗೂ ಏರಿತ್ತು. ಅಲ್ಲಿ ಮದ್ದು ಬಿಟ್ಟರು. ಕಣವಿಲ್ಲದ ಡೆಕ್ಸಾಮೆಥಸೋನ್. ಚಿತ್ರ ಇಲ್ಲದಿದ್ದರೆ ಇದೇ ಮದ್ದು ರಕ್ತದಲ್ಲಿ ಸೇರಿ ಮೈಯೆಲ್ಲ ಸುತ್ತಿ ಹೋಗುತ್ತಿತ್ತು, ಫೈಲಿನಲ್ಲಿ ನಾಲ್ಕನೆಯ "ಪರಿಹಾರವಿಲ್ಲ".

ಇಲ್ಲಿಗೆ ನಿಲ್ಲಿಸಿದರೆ ಇದು ಸಿ-ಆರ್ಮಿನ ಜಾಹೀರಾತಾಗುತ್ತದೆ. ಯಾಕೆಂದರೆ ಸೂಜಿ ಸರಿಯಾದ ಜಾಗಕ್ಕೆ ಹೋಯಿತೇ ಅನ್ನುವುದು ಒಂದು ಪ್ರಶ್ನೆ, ಆ ಜಾಗಕ್ಕೆ ಸ್ಟೀರಾಯ್ಡ್ ಹೋದರೆ ನೋವು ಹೋಗುತ್ತದೆಯೇ ಅನ್ನುವುದು ಬೇರೆ ಪ್ರಶ್ನೆ. ಚಿತ್ರ ಉತ್ತರ ಕೊಡುವುದು ಮೊದಲನೆಯದಕ್ಕೆ ಮಾತ್ರ. ಎರಡನೆಯದರ ಉತ್ತರ ಅಷ್ಟು ಉತ್ಸಾಹ ಹುಟ್ಟಿಸುವಂಥದ್ದಲ್ಲ. ಸಯಾಟಿಕಾ, ಅಂದರೆ ಕಾಲಿಗಿಳಿಯುವ ನರದ ನೋವಿಗೆ ಎಪಿಡ್ಯೂರಲ್ ಸ್ಟೀರಾಯ್ಡ್ ಕೊಟ್ಟ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿದ 2020ರ ಕಾಕ್ರೇನ್ ಪರಿಶೀಲನೆಯ ಪ್ರಕಾರ ಹುಸಿ ಇಂಜೆಕ್ಷನ್ನಿಗಿಂತ ಸಿಗುವ ಹೆಚ್ಚಿನ ಲಾಭ ನೂರರ ಅಳತೆಯಲ್ಲಿ ಸುಮಾರು 5 ಅಂಕ, ಅದೂ ಕೆಲವು ವಾರಗಳ ಮಟ್ಟಿಗೆ. ಇದು ಸರಾಸರಿ, ಒಬ್ಬರಿಗೆ ಬಹಳ ಆರಾಮ, ಒಬ್ಬರಿಗೆ ಏನೂ ಇಲ್ಲ. 2014ರಲ್ಲಿ ಅಮೆರಿಕದಲ್ಲಿ ನಾಳ ಕಿರಿದಾದ 400 ರೋಗಿಗಳಿಗೆ, ಎಲ್ಲರಿಗೂ ಎಕ್ಸ್‌ರೇ ನೋಡಿಯೇ, ಅರ್ಧ ಜನಕ್ಕೆ ಸ್ಟೀರಾಯ್ಡ್ ಸೇರಿಸಿ ಅರ್ಧ ಜನಕ್ಕೆ ಬರೀ ಮರಗಟ್ಟಿಸುವ ಮದ್ದು ಕೊಟ್ಟರು. ಆರು ವಾರದ ನಂತರ ಇಬ್ಬರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಸೂಜಿ ಹೋಗಬೇಕಾದಲ್ಲಿಗೇ ಹೋಗಿತ್ತು.

ಬರೀ ಸೊಂಟನೋವಿಗೆ, ಕಾಲಿಗೆ ಇಳಿಯದ ನೋವಿಗೆ, ಆಧಾರ ಇನ್ನೂ ದುರ್ಬಲ. ಬ್ರಿಟನ್ನಿನ ನೈಸ್ ಸಂಸ್ಥೆಯ 2016ರ ಮಾರ್ಗಸೂಚಿ ಅದಕ್ಕೆ ಬೆನ್ನಿನ ಇಂಜೆಕ್ಷನ್ನು ಕೊಡಬೇಡಿ ಅನ್ನುತ್ತದೆ. ಹೊಸದಾಗಿ ಶುರುವಾದ ತೀವ್ರ ಸಯಾಟಿಕಾಕ್ಕೆ ಮಾತ್ರ ಎಪಿಡ್ಯೂರಲ್ ಯೋಚಿಸಬಹುದು ಅನ್ನುತ್ತದೆ. 2025ರ ಫೆಬ್ರವರಿಯಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂದ ಮಾರ್ಗಸೂಚಿ ಇನ್ನೂ ಕಟುವಾಗಿದೆ. ಮೂರು ತಿಂಗಳು ದಾಟಿದ ಬೆನ್ನೆಲುಬಿನ ನೋವಿಗೆ, ಕಾಲಿಗಿಳಿಯುವುದೂ ಸೇರಿ, ಇಂಥ ಇಂಜೆಕ್ಷನ್ನುಗಳನ್ನು ಕೊಡಬಾರದು ಅನ್ನುವ ಕಡೆಗೆ ಅದರ ಬಲವಾದ ಶಿಫಾರಸು. ನೋವಿನ ವೈದ್ಯರಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. ಆ ಲೆಕ್ಕದಲ್ಲಿ ಆರು ತಿಂಗಳು ದಾಟಿದ್ದ ಮಾವನಿಗೆ ಇಂಜೆಕ್ಷನ್ನೇ ಬೇಡವಾಗಿತ್ತು. ಡಾಕ್ಟರು ಇದನ್ನು ಮುಚ್ಚಿಡಲಿಲ್ಲ. "ಗುಣವಾಗುತ್ತದೆ ಅಂತ ನಾನು ಹೇಳುವುದಿಲ್ಲ. ಕೆಲವು ವಾರ ಕಾಲು ಹಗುರಾಗಬಹುದು, ಆಗದೆಯೂ ಇರಬಹುದು. ಆಗದಿದ್ದರೆ ಮದ್ದು ತಲುಪಿಯೂ ಆಗಲಿಲ್ಲ ಅನ್ನುವುದಾದರೂ ಗೊತ್ತಾಗುತ್ತದೆ" ಅಂದರು. ಮಾವ ಅದನ್ನು ಕೇಳಿಯೇ ಒಪ್ಪಿದ್ದು. ಅವರಿಗೆ ಬೇಕಾದದ್ದು ದಸರೆ ದಾಟುವಷ್ಟು ವಾರ.

ಎಂಆರ್‌ಐ ಚಿತ್ರವೂ ಇದೇ ಜಾತಿಯದು. ನಲವತ್ತರ ವಯಸ್ಸಿನ, ಯಾವ ನೋವೂ ಇಲ್ಲದ ಜನರನ್ನು ಸ್ಕ್ಯಾನ್ ಮಾಡಿದರೆ ಅರ್ಧ ಜನಕ್ಕೆ ಡಿಸ್ಕ್ ಉಬ್ಬು ಕಾಣುತ್ತದೆ. ನನ್ನ ವಯಸ್ಸಿನ ಗೆಳೆಯರು "ಎಲ್-4 ಎಲ್-5 ಬಲ್ಜ್" ಅಂತ ರಿಪೋರ್ಟ್ ಹಿಡಿದು ಬಂದು ಇಂಜೆಕ್ಷನ್ ವಿಚಾರಿಸಿದಾಗ ನಾನು ಕೇಳುವುದು ಒಂದೇ: ನೋವು ಕಾಲಿಗೆ ಇಳಿಯುತ್ತದಾ? ಇಳಿಯದಿದ್ದರೆ ಸಿ-ಆರ್ಮ್ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆಯೇ ಹುಟ್ಟುವುದಿಲ್ಲ. ಇಳಿದರೂ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿ ತಗ್ಗುತ್ತದೆ, ಉಬ್ಬಿದ ಡಿಸ್ಕ್ ಎಷ್ಟೋ ಸಲ ತಾನೇ ಕರಗುತ್ತದೆ.

ವಿಜಯವಾಡದ ಆ ನರ್ಸಿಂಗ್ ಹೋಮಿನವರ ಪರವಾಗಿಯೂ ಎರಡು ಮಾತು ಹೇಳಬೇಕು. ಸೂರ್ಯರಾವ್‌ಪೇಟೆಯ ಗಲ್ಲಿಗಳಲ್ಲಿ ಓಡಾಡಿದವರಿಗೆ ಗೊತ್ತು, ಒಂದೊಂದು ಬೀದಿಯಲ್ಲಿ ಎಷ್ಟು ಆಸ್ಪತ್ರೆ ಅಂತ. ಅವುಗಳಲ್ಲಿ ಸಿ-ಆರ್ಮ್ ಇಲ್ಲವೆಂದಲ್ಲ. ಮೂಳೆ ಮುರಿತದ ಆಪರೇಷನ್ನಿಗೆ ಬೇಕೇ ಬೇಕು. ಆದರೆ ಅದು ಆಪರೇಷನ್ ಥಿಯೇಟರಿನೊಳಗೆ, ಮುರಿದ ಕಾಲುಗಳ ಸರದಿಯಲ್ಲಿ ಇರುತ್ತದೆ. ಒಂದು ಇಂಜೆಕ್ಷನ್ನಿಗಾಗಿ ಥಿಯೇಟರ್ ಹಿಡಿದರೆ ಅದರ ಬಾಡಿಗೆ, ಟೆಕ್ನಿಷಿಯನ್ನು, ಸೀಸದ ಏಪ್ರನ್ನು, ಬಣ್ಣದ ಮದ್ದು ಎಲ್ಲ ಬಿಲ್ಲಿಗೆ ಬರುತ್ತದೆ. ನಮಗೆ ಬಂದ ಬಿಲ್ಲು ಮಾವ ಮೊದಲು ಒಂದೊಂದಕ್ಕೆ ಕೊಟ್ಟಿದ್ದರ ನಾಲ್ಕು ಪಟ್ಟು. "ಆ ಟಿವಿಗೆ ಅಷ್ಟು ದುಡ್ಡಾ ಮಾರಾಯ?" ಅಂದರು ಮಾವ. ಮೂರಕ್ಕೆ ಕೊಟ್ಟದ್ದನ್ನು ಕೂಡಿಸಿ ತೋರಿಸಿದ ಮೇಲೆ ಸುಮ್ಮನಾದರು. ಎಕ್ಸ್‌ರೇ ಯಂತ್ರ ಇಟ್ಟುಕೊಳ್ಳಲು ಅಣುಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯೂ ಬೇಕು. ವಿಕಿರಣವಿಲ್ಲದ ಅಲ್ಟ್ರಾಸೌಂಡ್ ನೋಡಿ ಕಾಡಲ್ ಇಂಜೆಕ್ಷನ್ ಚೆನ್ನಾಗಿಯೇ ಹಾಕಬಹುದು, ಯಂತ್ರವೂ ಅಗ್ಗ. ಆದರೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಆ ಯಂತ್ರವನ್ನೂ ಜಾಗವನ್ನೂ ನೋಂದಾಯಿಸಬೇಕು, ಬೇಕಾದಲ್ಲಿಗೆ ಹೊತ್ತೊಯ್ಯುವಂತಿಲ್ಲ. ಕಾಯ್ದೆ ಬೇಕಾದದ್ದೇ. ಸೊಂಟನೋವಿನ ಡಾಕ್ಟರು ಹಿಂಜರಿಯುವುದಕ್ಕೂ ಅದೊಂದು ಕಾರಣ. ಇದೇ ವಿಶಾಖಪಟ್ಟಣದ ಪೆದಗಂಟ್ಯಾಡದಲ್ಲಿ ವೈದ್ಯಕೀಯ ಉಪಕರಣಗಳ ತಯಾರಿಕೆಗೆಂದೇ ಮೆಡ್‌ಟೆಕ್ ಜೋನ್ ಇದೆ, 2018ರ ಡಿಸೆಂಬರಿನಲ್ಲಿ ಉದ್ಘಾಟನೆಯಾದದ್ದು. ಅಲ್ಲಿಂದ 350 ಕಿಲೋಮೀಟರ್ ದೂರದ ವಿಜಯವಾಡದಲ್ಲಿ ಬಾಲಮೂಳೆ ತಡವಿ ಚುಚ್ಚುವುದು ನಡೆದೇ ಇದೆ. ಬೆಂಗಳೂರು, ಪುಣೆ, ಮುಂಬೈಗಳಲ್ಲಿ ಇಲ್ಲ ಅಂದುಕೊಳ್ಳಬೇಡಿ.

ಚಿತ್ರ ಎಲ್ಲ ಅಪಾಯದಿಂದ ಕಾಯುವುದೂ ಇಲ್ಲ. 2012ರಲ್ಲಿ ಅಮೆರಿಕದ ಒಂದು ಔಷಧಿ ತಯಾರಿಕಾ ಕೇಂದ್ರದ ಸ್ಟೀರಾಯ್ಡ್ ಸೀಸೆಗಳಲ್ಲಿ ಬೂಷ್ಟು ಸೇರಿ 750ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತು, 60ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಎಷ್ಟೋ ಜನಕ್ಕೆ ಸೂಜಿ ಸರಿಯಾದ ಜಾಗಕ್ಕೇ ಹೋಗಿತ್ತು.

ನಿಮಗೋ ಊರಲ್ಲಿರುವ ಅಪ್ಪ ಅಮ್ಮನಿಗೋ ಇಂಜೆಕ್ಷನ್ನಿನ ಮಾತು ಬಂದರೆ ಡಾಕ್ಟರಿಗೆ ಕೇಳಬೇಕಾದ್ದನ್ನು ಮಾವನ ಫೈಲಿನಿಂದಲೇ ಹೇಳುತ್ತೇನೆ. ಯಾವ ನರಕ್ಕೆ, ಯಾವ ದಾರಿಯಿಂದ, ಯಾವ ಸ್ಟೀರಾಯ್ಡ್. ಚಿತ್ರ ನೋಡಿಯೋ ಅಲ್ಲವೋ, ಬಣ್ಣ ಬಿಡುತ್ತೀರೋ. ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆ, ಅಯೋಡಿನ್ ಅಲರ್ಜಿ, ಬಸಿರು ಇದ್ದರೆ ಅವರು ಕೇಳುವ ಮೊದಲೇ ಹೇಳಿ. ರಕ್ತದ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಮುಗಿದ ಮೇಲೆ ಬಣ್ಣ ಹರಿದ ಚಿತ್ರದ ಒಂದು ಪ್ರತಿ ಕೇಳಿ ತೆಗೆದುಕೊಳ್ಳಿ, ಫೋನಿನಲ್ಲಿ ಫೋಟೋ ಆದರೂ ಸರಿ. ಕೇಳಿದರೆ ಬೇಸರ ಮಾಡಿಕೊಂಡವರನ್ನು ನಾನು ಈತನಕ ಕಂಡಿಲ್ಲ. ಮತ್ತೆ ಇದು ಇಂಜೆಕ್ಷನ್ನಿನ ವಿಷಯವೇ ಅಲ್ಲ: ಮೂತ್ರ ಕಟ್ಟಿದರೆ ಅಥವಾ ತಿಳಿಯದೆ ಹೋದರೆ, ಕೂರುವ ಜಾಗ ಜೋಮು ಹಿಡಿದರೆ, ಪಾದ ಎತ್ತಲಾಗದೆ ಎಳೆಯತೊಡಗಿದರೆ ಯಾವ ಸೂಜಿಗೂ ಕಾಯದೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಮಾವನಿಗೆ ನಾಲ್ಕನೆಯ ದಿನಕ್ಕೆ ಕಾಲಿನ ಸೆಳೆತ ಅರ್ಧಕ್ಕಿಳಿಯಿತು, ಹತ್ತನೆಯ ದಿನಕ್ಕೆ ಮೀನಖಂಡದಲ್ಲಿ ಸ್ವಲ್ಪ ಉಳಿಯಿತು. ಸೊಂಟದ ನೋವು ಇದ್ದ ಹಾಗೇ ಇತ್ತು, ಅದು ಹೋಗುತ್ತದೆ ಅಂತ ಯಾರೂ ಹೇಳಿರಲಿಲ್ಲ. ಸಕ್ಕರೆ ಮೂರು ದಿನ 280ರ ಮೇಲೆ ಓಡಾಡಿ ಇಳಿಯಿತು. ನವರಾತ್ರಿಯ ಅಷ್ಟೂ ದಿನ ಗಲ್ಲಾದಲ್ಲಿ ಎತ್ತರದ ಸ್ಟೂಲು ಹಾಕಿಕೊಂಡು, ಕೂತು, ಎದ್ದು, ನಿಭಾಯಿಸಿದರು. ನವೆಂಬರಿನಲ್ಲಿ ಸೆಳೆತ ಮತ್ತೆ ಶುರುವಾಯಿತು, ಮೊದಲಿನಷ್ಟಲ್ಲ. ಈಗ ಆಪರೇಷನ್ನಿನ ಮಾತು ಮತ್ತೆ ಬಂದಿದೆ. ಈ ಸಲ ಸರ್ಜನ್ ಫೈಲು ತೆರೆದಾಗ ಅದರಲ್ಲಿ ಎಸ್-1 ನರದ ಗುಂಟ ಬಣ್ಣ ಇಳಿದ ಚಿತ್ರ ಇತ್ತು, ಹತ್ತು ವಾರ ಆರಾಮ ಇತ್ತು ಅನ್ನುವ ಬರಹ ಇತ್ತು. ಒತ್ತು ಬೀಳುತ್ತಿರುವುದು ಅದೇ ನರಕ್ಕೆ ಅಂತ ನಂಬಲು ತನಗೆ ಇನ್ನೊಂದು ಆಧಾರ ಸಿಕ್ಕಿತು ಅಂದರು. ಎರಡು ತಿಂಗಳು ನೋಡೋಣ, ನಡಿಗೆ ಮತ್ತು ಫಿಸಿಯೋ ಬಿಡಬೇಡಿ ಅಂದಿದ್ದಾರೆ. ಮಾವ ಬೆಳಿಗ್ಗೆ ಕೃಷ್ಣೆಯ ದಂಡೆಯ ಮೇಲೆ ನಡೆಯುತ್ತಿದ್ದಾರೆ. ಹೋದ ವಾರ ಎರಡು ಕಿಲೋಮೀಟರ್ ಆಯಿತಂತೆ.